ನಾಗರಹೊಳೆಗೆ ಬಂದ ಸೋಮ

ನಂಜುಂಡೇಶನ ಹೆಣ ಅರಕಲಗೂಡಿನ ಮನೆಗೆ ಬಂದ ದಿನ ಅವನ ನಾಯಿ ಸೋಮನನ್ನು ಹಿತ್ತಲಲ್ಲಿ ಕಟ್ಟಿಹಾಕಿದ್ದರು. ಹೆಣದ ಹತ್ತಿರ ನಾಯಿ ಸುಳಿಯಬಾರದು ಅಂದಿದ್ದಳು ಅಜ್ಜಿ ಬೈರಮ್ಮ. ಕಟ್ಟಿದವಳು ಅಕ್ಕ ನೇತ್ರಾವತಿ. ಮಣ್ಣು ಮಾಡಿ ಬರುವ ತನಕ ಅದು ಬೊಗಳುತ್ತಲೇ ಇತ್ತು.

ನಂಜುಂಡೇಶ ನಾಗರಹೊಳೆ ಕಾಡಿನಲ್ಲಿ ದಿನಗೂಲಿ ವಾಚರ್ ಆಗಿದ್ದ. ಬೇಸಿಗೆಯಲ್ಲಿ ಕಾಡಿಗೆ ಬಿದ್ದ ಬೆಂಕಿ ಆರಿಸಿ ಬರುವಾಗ ಒಂಟಿ ಆನೆ ಎದುರಾಗಿತ್ತು. ಆಮೇಲೆ ನಾಲ್ಕು ತಿಂಗಳು ಕಳೆದರೂ ಸೋಮ ಸಂಜೆಯಾದರೆ ಅವನು ಬಂದಿಳಿಯುತ್ತಿದ್ದ ಬಸ್‌ಸ್ಟ್ಯಾಂಡಿಗೆ ಹೋಗಿ ಕೂರುತ್ತಿತ್ತು. ನೋಡಲಾರದೆ ನೇತ್ರಾವತಿ ಗಂಡ ಮಹೇಶನಿಗೆ ಅಂದಳು:

"ಅವ್ನು ಸತ್ತ ಜಾಗ ಇದುಕ್ಕೆ ತೋರುಸ್ಬೇಕು. ಕರ್ಕಂಡೋಗು."

ಮಹೇಶ್ ಗೂಡ್ಸ್ ಆಟೊ ತೆಗೆದ; ನೇತ್ರಾವತಿ ಸೋಮನ ಜೊತೆ ಹತ್ತಿದಳು. ಹುಣಸೂರು ದಾಟಿ ಕಾಡಿನ ಗೇಟ್ ಮುಟ್ಟುವಾಗ ಹತ್ತು ಗಂಟೆ. ತಮ್ಮನ ಜೊತೆ ಕೆಲಸ ಮಾಡುತ್ತಿದ್ದ ಪಂಚಾಕ್ಷರಯ್ಯ ಮೊದಲೇ ಸಾಹೇಬರ ಅಪ್ಪಣೆ ಕೇಳಿ, ಇಲಾಖೆಯ ಜೀಪನ್ನೂ ಡ್ರೈವರನ್ನೂ ನಿಲ್ಲಿಸಿಕೊಂಡು ಕಾಯುತ್ತಿದ್ದ. ಆಟೊದಿಂದ ನಾಯಿ ಇಳಿದದ್ದು ನೋಡಿ ಅವನ ಮುಖ ಬಾಡಿತು.

"ನಾಯಿ ಒಳಕ್ಕೆ ಬಿಡಂಗಿಲ್ಲ ಕಣವ್ವ."

"ಸಾಕಿದ್ದು ಅವ್ನೇ ಅಣ್ಣ. ಅಗ್ಗ ಬಿಚ್ಚಾಕಿಲ್ಲ."

"ನಾಯಿ ರೋಗ ಕಾಡಿನ ಸೀಳುನಾಯಿಗೆ ಅಂಟಿದ್ರೆ ಒಂದ್ ಗುಂಪೇ ನೆಲ ಕಚ್ತದೆ. ಅದ್ಕೆ." ಗೇಟಿನ ಕಡೆ ಕೈ ತೋರಿಸಿ ಹೇಳಿದ: "ನಂಜುಂಡ ಇದೇ ಗೇಟಲ್ಲಿದ್ದಾಗ ಯಾರೋ ದೊಡ್ಡೋರ ಕಾರ್ ಬಂತು. ಮಡಿಲಲ್ಲಿ ನಾಯಿಮರಿ. ಅವ್ರು ಎಷ್ಟು ಜೋರು ಮಾಡುದ್ರೂ ವಾಪಸ್ ಕಳ್ಸುಬುಟ್ಟ."

ನೇತ್ರಾವತಿ ಗೇಟಿನ ಕಂಬಿ ಹಿಡಿದು ಒಳಗಿನ ದಾರಿ ನೋಡಿದಳು.

"ಅಂಗಾದ್ರೆ ಇವತ್ತು ಅವ್ನೇ ಇಲ್ಲಿದ್ರೂ ಸೋಮನ್ನ ಬಿಡ್ತಿರ್ಲಿಲ್ಲ."

"ಬಿಡ್ತಿರ್ಲಿಲ್ಲ ಕಣವ್ವ."

ಅವಳು ಹಗ್ಗವನ್ನು ಮಹೇಶನ ಕೈಗೆ ಕೊಟ್ಟರೆ ಸೋಮ ಜಗ್ಗಾಡಿತು. ಪಂಚಾಕ್ಷರಯ್ಯ ಹತ್ತಿರ ಬಂದಾಗ ಅವನ ಖಾಕಿ ಪ್ಯಾಂಟು ಮೂಸಿ, ಸುಮ್ಮನಾಯಿತು. ಅವನೇ ಹಗ್ಗ ಹಿಡಿದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತ. ಮಹೇಶನನ್ನು ಆಟೊದ ಹತ್ತಿರ ಬಿಟ್ಟು ನೇತ್ರಾವತಿ ಒಬ್ಬಳೇ ಜೀಪು ಹತ್ತಿದಳು. ಹತ್ತಿದ ಮೇಲೆ ಹಿಂದಕ್ಕೆ ತಿರುಗಿ ಸೋಮನನ್ನೇ ನೋಡಿದಳು. ಆ ಜಾಗ ನೋಡಲು ತನಗೇ ಧೈರ್ಯವಿರಲಿಲ್ಲ, ಅದಕ್ಕೇ ನಾಯಿಯನ್ನು ಜೊತೆಗೆ ಕರೆತಂದದ್ದು ಎಂದು ಆಗ ತಿಳಿಯಿತು.

ಅರ್ಧ ಗಂಟೆ ಹೋದ ಮೇಲೆ ಒಂದು ತೇಗದ ಮರದ ಹತ್ತಿರ ಡ್ರೈವರ್ ಇಂಜಿನ್ ಆಫ್ ಮಾಡಿ ಕೈ ತೋರಿಸಿದ. ಸುಟ್ಟಿದ್ದ ನೆಲದ ಮೇಲೆ ಮುಂಗಾರಿನ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಏನೋ ಒಂದು ಗುರುತು ಕಾಣಬಹುದು ಅಂದುಕೊಂಡು ಬಂದಿದ್ದವಳಿಗೆ ಅಲ್ಲಿ ಏನೂ ಕಾಣಲಿಲ್ಲ. ಇಳಿಯುವಂತಿರಲಿಲ್ಲ. ಕೂತಲ್ಲಿಂದಲೇ ಹುಲ್ಲಿನ ಕಡೆ ನೋಡಿ, ಮೆಲ್ಲಗೆ ಹೇಳಿದಳು:

"ಸೋಮ ಬಂದದೆ ಕಣ್ಲಾ. ಗೇಟತ್ರ ಅದೆ."

ತಮ್ಮ ಹೋದಾಗಿನಿಂದ ಬಾರದಿದ್ದ ಅಳು ಆಗ ಬಂತು. ಡ್ರೈವರ್ ಬೇರೆ ಕಡೆ ಮುಖ ತಿರುಗಿಸಿಕೊಂಡು, ಅವಳು ಸೆರಗಲ್ಲಿ ಕಣ್ಣೊರೆಸಿಕೊಳ್ಳುವ ತನಕ ಗಾಡಿ ತೆಗೆಯಲಿಲ್ಲ.

ಗೇಟಿಗೆ ಮರಳಿದಾಗ ಸೋಮ ಪಂಚಾಕ್ಷರಯ್ಯನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿತ್ತು. ಅವನು ಅಲುಗಾಡದೆ ಕೂತಿದ್ದ.

"ಕಾಲು ಜೋಮು ಹಿಡ್ಕಂಡದೆ," ಅಂದ ದನಿ ತಗ್ಗಿಸಿ. "ಇರ್ಲಿ, ಮಲಗ್ಲಿ."

ನೇತ್ರಾವತಿ ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ತಮ್ಮ ಇಲ್ಲಿ ಊಟಕ್ಕೆ ಏನು ಮಾಡಿಕೊಳ್ಳುತ್ತಿದ್ದ ಎಂದು ಕೇಳಿದಳು.