ಸೋಮಾರಿ ಸೂರ್ಯನ ಕಂಬಳಿ

ಬಸ್ ನಿಲ್ದಾಣದ ಗೋಡೆಯ ಮೇಲಿದ್ದ ಬಿಸಿಲು ಗಡಿಯಾರವನ್ನು ಕೆತ್ತಿದ್ದು ಅವಳ ಅಜ್ಜಿ. ಒಂದು ಕಲ್ಲಿನ ಹಲಗೆ, ಗಂಟೆಯ ಗೀಟುಗಳು, ನಡುವೆ ಓರೆಯಾಗಿ ಚಾಚಿದ ಕಬ್ಬಿಣದ ಕಂಬಿ, ಅಷ್ಟೆ. ಅಜ್ಜಿ ಹೋಗಿ ವರ್ಷಗಳಾದರೂ ಕಂಬಿಯ ನೆರಳು ತನ್ನ ಪಾಡಿಗೆ ತಾನು ದುಡಿಯುತ್ತಲೇ ಇತ್ತು. ಈಗ ಅದೇ ಕಂಬಿಯನ್ನು ಬಗ್ಗಿಸಲು ಅಜ್ಜಿಯ ಕಿರಿಮಗ, ಅವಳ ಚಿಕ್ಕಪ್ಪ, ಅವಳನ್ನೇ ಏಣಿ ಹತ್ತಿಸಿದ್ದ.

ಆಗಿದ್ದಿಷ್ಟು. ಈ ಫೆಬ್ರವರಿಯಲ್ಲಿ ನೆರಳನ್ನು ನಂಬಿ ನಿಧಾನವಾಗಿ ಬಂದ ಯಾರೋ ಬಸ್ ತಪ್ಪಿಸಿಕೊಂಡು ರಂಪ ಮಾಡಿದ್ದರು. ನಿಲ್ದಾಣದ ಮೇಲ್ವಿಚಾರಕ ತನ್ನ ಕೈಗಡಿಯಾರ ನೋಡಿದ, ಕಾಲು ಗಂಟೆ ಹಿಂದಿದ್ದ ನೆರಳು ನೋಡಿದ, ತಪ್ಪು ನೆರಳಿನದೇ ಎಂದು ತೀರ್ಮಾನಿಸಿದ. ಕಂಬಿಯನ್ನು ಒಂದಿಷ್ಟು ತಿರುಚಿ ಹೊಂದಿಸಿ, ಇಲ್ಲವೇ ಕಲ್ಲನ್ನೇ ಕಿತ್ತುಕೊಂಡು ಹೋಗಿ ಎಂದು ಚಿಕ್ಕಪ್ಪನ ಕಲ್ಲುಕೆತ್ತನೆಯ ಶೆಡ್ಡಿಗೆ ಹೇಳಿಕಳಿಸಿದ. ಚಿಕ್ಕಪ್ಪ ಹೂಂ ಅಂದುಬಿಟ್ಟ.

ಏಣಿಯ ಮೇಲಿಂದಲೇ ಅವಳು ತಿಳಿಹೇಳಿದಳು. ಸೂರ್ಯ ವರ್ಷವಿಡೀ ಒಂದೇ ಹೆಜ್ಜೆಯಲ್ಲಿ ನಡೆಯುವವನಲ್ಲ. ಈಗ ಬಗ್ಗಿಸಿದರೆ ನವೆಂಬರಿನಲ್ಲಿ ಗಡಿಯಾರ ಅರ್ಧ ಗಂಟೆ ಮುಂದೆ ಓಡುತ್ತದೆ.

“ಆಗ ಮತ್ತೆ ಬಗ್ಗಿಸಿದ್ರಾಯ್ತು,” ಎಂದ ಕೆಳಗೆ ನಿಂತಿದ್ದ ಮೇಲ್ವಿಚಾರಕ.

“ಸರ್, ಇದು ಕಂಬಿ. ನಿಮ್ಮ ಗುಮಾಸ್ತ ಅಲ್ಲ.”

ಬೆಂಚಿನ ಮೇಲೆ ಕೂತಿದ್ದವರು ಕಿಸಕ್ಕನೆ ನಕ್ಕರು. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಅವನು ಗದರಿದ. ಪುಸ್ತಕದಲ್ಲೂ ಇತ್ತು, ಆದರೆ ಅವಳ ತಲೆಯಲ್ಲಿ ಕೂತಿದ್ದು ಅಜ್ಜಿಯ ಕಥೆ.

ಸೂರ್ಯನೆಂಬ ಅಳಿಯನೊಬ್ಬನಿದ್ದನಂತೆ. ಫೆಬ್ರವರಿಯಲ್ಲಿ ಕಂಬಳಿ ಬಿಟ್ಟು ಏಳಲೊಲ್ಲ; ಅತ್ತೆ ಗಂಟಲು ಹರಿದುಕೊಂಡರೂ ತಡವಾಗಿಯೇ ಬರುತ್ತಾನೆ. ಮೇ ತಿಂಗಳಲ್ಲಿ ನಾಚಿಕೆಯಾಗಿ ತುಸು ಮುಂಚೆಯೇ ಹಾಜರು. ಜುಲೈಯಲ್ಲಿ ಮತ್ತೊಂದು ಸಣ್ಣ ತೂಕಡಿಕೆ. ನವೆಂಬರಿನಲ್ಲಂತೂ ನಾಯಿ ಅಟ್ಟಿಸಿಕೊಂಡು ಬಂದವನಂತೆ ಓಟ. ವರ್ಷಕ್ಕೆ ನಾಲ್ಕೇ ದಿನ ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಅಷ್ಟಕ್ಕೇ ಮೀಸೆ ತಿರುವುತ್ತಾನೆ. ಅತ್ತೆ ಅವನನ್ನು ಮನೆಯಿಂದ ಯಾಕೆ ಓಡಿಸಲಿಲ್ಲ ಎಂದು ಅವಳು ಚಿಕ್ಕಂದಿನಲ್ಲಿ ಕೇಳಿದ್ದಳು. “ಬೆಳಕು ತರೋನು ಅವನೇ ಅಲ್ವೇನೇ?” ಎಂದಿದ್ದಳು ಅಜ್ಜಿ.

“ಬಗ್ಗಿಸು, ಇಲ್ಲಾಂದ್ರೆ ನಾಳೆಯಿಂದ ಶೆಡ್ಡಿನ ಕಡೆ ತಲೆ ಹಾಕ್ಬೇಡ,” ಎಂದ ಚಿಕ್ಕಪ್ಪ ಕೆಳಗಿನಿಂದ.

ಅವಳು ಉಳಿ ಹಿಡಿಯಲು ಕಲಿತಿದ್ದು ಆ ಶೆಡ್ಡಿನಲ್ಲೇ, ಅಜ್ಜಿಯ ಮಗ್ಗುಲಲ್ಲಿ ಕೂತು. ಅದನ್ನು ಬಿಟ್ಟರೆ ಅವಳಿಗೆ ಬೇರೆ ಜಗತ್ತೇ ಇರಲಿಲ್ಲ.

ಸ್ಪ್ಯಾನರನ್ನು ಚೀಲಕ್ಕೆ ಹಾಕಿ ಉಳಿ ತೆಗೆದಳು.

“ತಲೆ ಹಾಕಲ್ಲ ಬಿಡು, ಚಿಕ್ಕಪ್ಪ. ಆದ್ರೆ ಇದನ್ನ ನಾನು ಬಗ್ಗಿಸಲ್ಲ. ಯಾವ ತಿಂಗಳು ತಡ, ಯಾವ ತಿಂಗಳು ಬೇಗ ಅಂತ ನೆನಪಿಟ್ಕೊಳ್ಳೋದು ನಮ್ಮ ಕೆಲಸ, ಸೂರ್ಯಂದಲ್ಲ.”

ಗೀಟುಗಳ ಕೆಳಗೆ ಖಾಲಿ ಪಟ್ಟಿಯೊಂದಿತ್ತು. ಅಲ್ಲಿ ಉಳಿಯ ಮೇಲೆ ಸುತ್ತಿಗೆ ಬಿತ್ತು. ಮೊದಲು ಒಂದು ದುಂಡು ಮುಖ, ಮುಚ್ಚಿದ ಕಣ್ಣು, ಪಕ್ಕದಲ್ಲಿ ಫೆಬ್ರವರಿ ಎಂಬ ಹೆಸರು. ಮೇಲ್ವಿಚಾರಕ ಹಾರಾಡಿದ. ಅವಳನ್ನು ಎಳೆದು ಇಳಿಸು ಎಂದು ಚಿಕ್ಕಪ್ಪನಿಗೆ ಆಜ್ಞೆ ಮಾಡಿದ. ಏಣಿಯ ಒಂದು ಕಾಲು ಮೋಟು. ಚಿಕ್ಕಪ್ಪ ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದನೇ ಹೊರತು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ ಏಣಿಯನ್ನು ಬಿಡಲಿಲ್ಲ.

ಕಲ್ಲು ಕೀಳಲು ಬೇರೆಯವರನ್ನು ಕರೆಸುತ್ತೇನೆಂದು ಮೇಲ್ವಿಚಾರಕ ದಡದಡನೆ ಕಚೇರಿಯತ್ತ ನಡೆದ.

“ಕರೆಸಿ ಸರ್. ಅವರು ಬರೋಷ್ಟರಲ್ಲಿ ನವೆಂಬರಿನವನನ್ನೂ ಓಡಿಸಿರ್ತೀನಿ.”

ಕಲ್ಲಿನ ಪುಡಿ ಚಿಕ್ಕಪ್ಪನ ತಲೆಯ ಮೇಲೆ ಉದುರುತ್ತಿತ್ತು. ಬೈಯುವುದನ್ನು ಬಿಟ್ಟು ಅವನು ಕತ್ತೆತ್ತಿ ಆ ಮಲಗಿದ ಮುಖವನ್ನೇ ದಿಟ್ಟಿಸಿದ.

“ಲೇ, ಅವನ ಕಂಬಳಿ ಎಲ್ಲೇ? ಅವ್ವ ಕಥೇಲಿ ಕಂಬಳಿ ಹೊದಿಸ್ತಿದ್ಳು.”

“ಅದನ್ನೇ ಕೆತ್ತೋಕೆ ಹೊರಟಿದೀನಿ,” ಎಂದಳು ಅವಳು. “ಏಣಿ ಅಲ್ಲಾಡಿಸ್ಬೇಡ.”