ಬೆರಳು ನಿಲ್ಲುವ ಜಾಗ

ಕ್ಯಾಸೆಟ್ಟಿನಲ್ಲಿ ಕೆಮ್ಮು ಬಂತು, ಅಂದರೆ ಇನ್ನು ನಾಲ್ಕು ಬಳಚಿನ ಚಿಪ್ಪು ಒಡೆಯುವಷ್ಟರಲ್ಲಿ ಪಿಟೀಲುಗಳೆಲ್ಲ ಸುಮ್ಮನಾಗಿ ಪಿಯಾನೊ ಒಂದೇ ಉಳಿಯುತ್ತದೆ, ಮೆಟ್ಟುಗತ್ತಿಯಿಂದ ತಲೆ ಎತ್ತದೆಯೂ ಮಾಲತಿಗೆ ಅದು ಗೊತ್ತು, ಯಾವ ದೇಶದ ಯಾವ ಸಭೆಯಲ್ಲಿ ಯಾರು ಕೆಮ್ಮಿದ್ದೋ, ಆ ಪುಣ್ಯಾತ್ಮ ಈಗ ಇದ್ದಾನೋ ಇಲ್ಲವೋ, ಅವನ ಕೆಮ್ಮು ಮಾತ್ರ ಕುಮಟೆಯ ಈ ಜಗಲಿಗೆ ಪ್ರತಿ ಭಾನುವಾರ ತಪ್ಪದೆ ಬರುತ್ತದೆ, ತಮ್ಮ ನಿತ್ಯಾನಂದನ ಹಾಗೆ — ಅವನೂ ಹೊನ್ನಾವರದಿಂದ ಬಂದು ಭಾವನ ಎದುರು ಕೂತಾಯಿತು, ಅಕ್ಕನಿಗೊಂದು ಚೀಲ ಬಳಚು, ಭಾವನಿಗೊಂದು ಜಗಳ, ಗಂಡನ ಕಡೆ ಹಳೇ ಕ್ಯಾಸೆಟ್ಟು, ಅವನ ಕಡೆ ಮೊಬೈಲು ಮತ್ತು ಅಂಗೈಯಷ್ಟು ಸ್ಪೀಕರು, ಎರಡರಲ್ಲೂ ಅದೇ ಪಿಯಾನೊ, ಅದೇ ರಚನೆ, ನುಡಿಸುವವರು ಮಾತ್ರ ಬೇರೆ, ಕ್ಯಾಸೆಟ್ಟಿನ ಮುದುಕ ಮೇಲೋ ಮೊಬೈಲಿನ ಹುಡುಗಿ ಮೇಲೋ, ಭಾವ ಭಾವಮೈದ ಇಬ್ಬರೂ ಮುಂಬಯಿಯ ಹೋಟೆಲಿನಲ್ಲಿ ಒಂದೇ ಕೌಂಟರಿಗೆ ನಿಂತವರು, ಅಲ್ಲಿನ ಲಾಬಿಯಲ್ಲೊಂದು ಪಿಯಾನೊ ಇತ್ತಂತೆ, ಅಲ್ಲಿ ಹಿಡಿದ ಹುಚ್ಚು, ಉಳಿದವರ ಗಂಡಂದಿರು ಮುಂಬಯಿಯಿಂದ ಸೀರೆ ತಂದರು, ಪಾತ್ರೆ ತಂದರು, ತನ್ನ ಗಂಡ ಕೃಷ್ಣಾನಂದ ಕೆಮ್ಮು ತಂದರು. ಹಾಳಾಗಲಿ, ಜಗಳವಾದರೂ ನೆಟ್ಟಗಿತ್ತಲ್ಲ, ನಿಮ್ಮ ಮುದುಕ ನುಡಿಸ್ತ್ನೋ ಅಕ್ಕಿ ಕುಟ್ತ್ನೋ ಭಾವ, ಹೋಗೋ, ನಿನ್ನ ಹುಡುಗಿಗೆ ಬಸ್ಸು ತಪ್ಪಿ ಹೋಗ್ತದೆ ಕಾಣ್ತದೆ — ಇಪ್ಪತ್ತು ವರ್ಷ ಒಂದೇ ಒಂದು ಸಲ ಇಬ್ಬರೂ ಹೌದು ಅಂದವರಲ್ಲ, ಭಾವ ಎಂದಮೇಲೆ ಕೆಣಕಬೇಕು, ಕೆಣಕದವನು ಎಂಥ ಭಾವ.

ಪಿಯಾನೊ ಒಂದೇ ಉಳಿಯಿತು. ಇವರ ತೋರುಬೆರಳು ಕುರ್ಚಿಯ ತೋಳಿನ ಮೇಲೆ ಅದರ ಜೊತೆಗೇ ಸ್ವರದ ಮೆಟ್ಟಿಲು ಹತ್ತುತ್ತಿದೆ, ಒಂದು, ಇನ್ನೊಂದು, ಮುದುಕನದು ಭಾರದ ಕೈ, ಆದ್ದರಿಂದ ಬೆರಳು ಹೇಗೋ ಕೊನೆಯವರೆಗೆ ಹೋಗುತ್ತದೆ, ಹುಡುಗಿ ನುಡಿಸುವಾಗಲೇ ತೊಂದರೆ, ಅವಳು ಮೇಲೆ ಹೋದಷ್ಟೂ ಸಣ್ಣಗೆ, ಮಂಜಿನ ಹನಿಯ ಹಾಗೆ, ಆಗ ಇವರ ಬೆರಳು ಅರ್ಧದಲ್ಲೇ ಎದ್ದು ಗಾಳಿಯಲ್ಲಿ ನಿಲ್ಲುತ್ತದೆ, ಸ್ವರ ಇನ್ನೂ ಹತ್ತುತ್ತಿರುತ್ತದೆ, ಬೆರಳು ಇಳಿಯುವುದಿಲ್ಲ. ದೀಪಾವಳಿ ಹೊತ್ತಿಗೇ ಮಾಲತಿ ಅದನ್ನು ಕಂಡಳು, ಪಕ್ಕದಲ್ಲೇ ಮೊಬೈಲು ಕೂಗಿದರೂ ಇವರು ಪೇಪರು ಓದುತ್ತಾರೆ, ಡಾಕ್ಟರ ಹತ್ತಿರ ಹೋಗುವಾ ಅಂದರೆ ಎಂತಕ್ಕೆ, ನೀನೇ ಬಾಯೊಳಗೆ ಮಾತಾಡ್ತೀ, ಮೂರು ಸಲ ಆಸ್ಪತ್ರೆಯ ಚೀಟಿ ಮಾಡಿಸಿದ್ದಾಯಿತು, ಮೂರು ಸಲವೂ ಇವರಿಗೆ ಹೊಟ್ಟೆನೋವು. ಅದಕ್ಕೇ ಬೆಳಿಗ್ಗೆ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ ತಮ್ಮನಿಗೆ ಹೇಳಿದಳು, ಭಾವಂಗೆ ಸಣ್ಣ ಸ್ವರ ಕೇಳೂದಿಲ್ಲ ಮಾರಾಯ, ನೀ ಹೇಳಿದ್ರೆ ಕೇಳ್ತ್ರು, ಉಪಾಯದಲ್ಲಿ ಕರ್ಕಂಡು ಹೋಗು. ಆತು ಅಕ್ಕ, ಅಂದ. ಅಂದವನ ಮುಖ ಆಗಲೇ ಸಾವಿನ ಮನೆಗೆ ಹೊರಟವನ ಹಾಗಿತ್ತು, ಅದನ್ನು ನೋಡಿಯೂ ತಾನು ಸುಮ್ಮನೆ ಬಳಚಿನ ಚೀಲ ಬಿಚ್ಚಿದಳಲ್ಲ.

ಮೊಬೈಲಿನ ಸರದಿಯೂ ಮುಗಿಯಿತು, ಇವರು ಯಾವಾಗಿನಂತೆ ಗೆದ್ದವರ ಹಾಗೆ ಹಿಂದಕ್ಕೆ ಒರಗಿ, ಕೇಳಿದ್ಯೇನೋ, ನಿನ್ನ ಹುಡುಗಿ ಅಲ್ಲಿ ನಾಲ್ಕು ಸ್ವರ ನುಂಗಿದ್ಲು, ಅಂದರು, ಈಗ ಇವನು ಹೇಳಬೇಕು, ನುಂಗಿದ್ದು ಅವಳಲ್ಲ ಭಾವ, ನಿಮ್ಮ ಕಿವಿಯ ಗುಗ್ಗೆ, ಹಾಗೆ ಹೇಳಿ ನಗಬೇಕು, ನಗುತ್ತಲೇ ನಾಳೆ ತೆಗೆಸಿಕೊಂಡು ಬರುವಾ ನಡೀರಿ ಅನ್ನಬೇಕು, ಅಷ್ಟೇ ಉಪಾಯ, ಅಷ್ಟೂ ತಲೆಯಿಲ್ಲವೇ ಇವನಿಗೆ — ಹೌದು ಭಾವ, ನುಂಗಿದ್ಲು, ನೀವು ಹೇಳೂದೇ ಸರಿ, ಅಂದುಬಿಟ್ಟ.

ಅಯ್ಯೋ ಪೆದ್ದೇ, ಹೌದು ಅಂದೆಯಾ, ಇಪ್ಪತ್ತು ವರ್ಷದಲ್ಲಿ ಮಾವಿನಹಣ್ಣಿನ ರುಚಿಗೂ ಹೌದು ಅನ್ನದವನು ಇವತ್ತು ಹೌದು ಅಂದೆಯಾ, ಒಂದು ಚಿಪ್ಪು ಕೈಜಾರಿ ಪಾತ್ರೆಗೆ ಬಿತ್ತು, ಇವರು ತಮ್ಮನನ್ನು ನೋಡಿದರು, ಅವನು ನೆಲ ನೋಡಿದ, ಇವರು ನಿಧಾನಕ್ಕೆ ಕುತ್ತಿಗೆ ತಿರುಗಿಸಿ ತನ್ನನ್ನು ನೋಡಿದರು. ಮತ್ತೊಂದ್ಸಲ ಹಾಕು, ಅವಳದ್ದೇ, ಅಂದರು ತಮ್ಮನಿಗೆ. ಅವನು ಹಾಕಿದ. ಬೆರಳು ಹತ್ತಿತು, ಒಂದು, ಇನ್ನೊಂದು, ಇನ್ನೊಂದು, ಎದ್ದಿತು, ನಿಂತಿತು, ಹುಡುಗಿ ಮಾತ್ರ ಹತ್ತುತ್ತಲೇ ಇದ್ದಾಳೆ, ಇವರ ಕಣ್ಣು ತನ್ನ ಮುಖ ಬಿಟ್ಟು ಕದಲುತ್ತಿಲ್ಲ, ಓ, ಕಿವಿಗೆ ಬಾರದ್ದನ್ನು ತನ್ನ ಮುಖದಲ್ಲಿ ಹುಡುಕುತ್ತಿದ್ದಾರೆ, ಮುಖವನ್ನು ಎಲ್ಲಿ ಇಡಲಿ, ಬಳಚಿನ ಕಡೆ ತಿರುಗಿಸಲೇ, ತಿರುಗಿಸಿದರೂ ಅದು ಉತ್ತರವೇ, ಇನ್ನೂ ಬರ್ತಾ ಇದೆಯಾ ಮಾಲತಿ, ಇವರ ದನಿ ಎಂದೂ ಇಷ್ಟು ಮೆತ್ತಗಿರಲಿಲ್ಲ, ಬರ್ತಾ ಇದೆ, ಅಂದಳು, ಇನ್ನೂ ಬರುತ್ತಿದೆ, ಬೆರಳು ಗಾಳಿಯಲ್ಲಿ, ಕೆಳಗೆ ಕುರ್ಚಿಯ ತೋಳು, ಬೆರಳು ಗಾಳಿಯಲ್ಲಿ