ಅತ್ತೆ ಹೂಂಗುಟ್ಟಿದ ರಾಣಿ

ರಾತ್ರಿ ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ‘ಹೂಂ’ ಅಂದದ್ದು ಕೇಳಿ ಎಚ್ಚರವಾಯಿತು. ಅತ್ತೆ ಸುವರ್ಣಮ್ಮನ ದನಿ. ಆ ಕೋಣೆಯಲ್ಲಿ ಅವರೊಬ್ಬರೇ ಮಲಗುವುದು. ಕಿವಿಗೊಟ್ಟೆ.

ಮಾಂಬಳ್ಳಿಯ ನಮ್ಮ ಜಗಲಿಯಲ್ಲಿ ದಿನವೂ ಮಧ್ಯಾಹ್ನ ನಾನು ಅಕ್ಕಪಕ್ಕದ ಹೆಂಗಸರಿಗೆ ಹಳೆಯ ಚಾರಿತ್ರಿಕ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದೆ. ಕೇಳುವವರು ಹೂಂಗುಟ್ಟದಿದ್ದರೆ ಕತೆ ಮುಂದೆ ಹೋಗಬಾರದೆಂಬುದು ಇಲ್ಲಿನ ರೂಢಿ. ಬರಲಾಗದವರಿಗೆಂದು ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ; ಅತ್ತೆಯೂ ಆ ಗುಂಪಿನಲ್ಲಿದ್ದರು. ಅಂದು ಮಧ್ಯಾಹ್ನ ಓದಿದ ಭಾಗದಲ್ಲಿ ರಾಜ ತುಂಬಿದ ಸಭೆಯಲ್ಲಿ ರಾಣಿಯ ಕೆನ್ನೆಗೆ ಹೊಡೆದ. ಎಲ್ಲರೂ ಹೂಂಗುಟ್ಟಿದರು. ರಾಣಿ ಕೋಟೆಯ ಕಿರುಬಾಗಿಲಿನಿಂದ ಹೊರಟುಹೋದಳು. ಒಬ್ಬರೂ ಹೂಂಗುಟ್ಟಲಿಲ್ಲ.

“ಒಂದೇಟ್ಗೆ ಅರಮನೆ ಬುಟ್ಟೋದ್ಳಾ? ಒಡವೆ ಎಷ್ಟ್ ತಕಂಡೋದ್ಳು, ಅದ್ನೂ ಓದು ಕೋಮಲಾ,” ಎಂದರು ಪಕ್ಕದ ಮನೆಯ ಪುಟ್ಟಮಲ್ಲಮ್ಮ.

“ಪಾಪ, ಆ ರಾಜುಂಗೆ ಊಟ ಇಕ್ಕೋರ್ ಯಾರು?” ಎಂದರು ಶಿವನಂಜಮ್ಮ. ಇನ್ನೂ ಇಬ್ಬರು ರಾಣಿಯರೂ ಅಡುಗೆಯವರ ದಂಡೂ ಇದ್ದ ರಾಜನ ಹಸಿವು ಅವರನ್ನು ಕಾಡುತ್ತಿತ್ತು.

ಮಾತು ರಾಣಿಯದು, ಕಣ್ಣು ಮಾತ್ರ ನನ್ನ ನಾದಿನಿ ಶೃತಿಯ ಮೇಲೆ. ಹನೂರಿನ ಗಂಡನ ಮನೆಯಿಂದ ಬಂದಾಗ ಅವಳ ಕೆನ್ನೆ ಊದಿತ್ತು. ಮರುದಿನ ಅವಳ ಗಂಡ ಬಸವೇಶ ಕರೆದೊಯ್ಯಲು ಬರುವವನಿದ್ದ. ಕಳಿಸುತ್ತಾರೋ ಇಲ್ಲವೋ, ಅತ್ತೆ ಬಾಯಿ ಬಿಟ್ಟಿರಲಿಲ್ಲ. ಶೃತಿ ತಲೆಯೆತ್ತದೆ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಅತ್ತೆಯ ಮುಖವನ್ನೇ ನೋಡಿದೆ.

“ಅಂತೋಳ್ಗೆಲ್ಲ ನಾನು ಊಂಗುಟ್ಟಲ್ಲ. ಮುಚ್ಚವ್ವ ಪುಸ್ತಕವ,” ಎಂದರು ಅತ್ತೆ.

ಉಳಿದವರು ನಕ್ಕರು. ಶೃತಿ ಮೊರ ಅಲ್ಲೇ ಬಿಟ್ಟು ಒಳಗೆ ಹೋದಳು.

ಈಗ, ರಾತ್ರಿ, ಗೋಡೆಯಾಚೆ ಸಣ್ಣಗೆ ಕೇಳುತ್ತಿದ್ದದ್ದು ನನ್ನದೇ ದನಿ. ಅತ್ತೆ ಫೋನಿನಲ್ಲಿ ಅದೇ ಭಾಗ ಹಾಕಿಕೊಂಡಿದ್ದರು. ರಾಣಿ ಕಿರುಬಾಗಿಲ ಚಿಲಕ ತೆಗೆದಳು.

“ಹೂಂ.”

ಹಿಂದಿರುಗಿ ನೋಡಲಿಲ್ಲ.

“ಹೂಂ.”

ಬೆಳಿಗ್ಗೆ ಬಸವೇಶ ಬಂದ. ಅತ್ತೆ ಅವನ ಮುಂದೆ ಕಾಫಿ ಇಟ್ಟರು. “ಅವಳು ಬರಲ್ಲ ಕಣಪ್ಪ. ಕುಡ್ದು ಒರಡು, ಕೊಳ್ಳೇಗಾಲದ ಬಸ್ಸು ಬರೋ ವೊತ್ತಾಯ್ತು.”

ಅವನು ಲೋಟ ಮುಟ್ಟದೆ ಎದ್ದುಹೋದ.

ಮಧ್ಯಾಹ್ನ ಪುಟ್ಟಮಲ್ಲಮ್ಮ ಎಲ್ಲರಿಗಿಂತ ಮೊದಲೇ ಬಂದು ಕೂತರು. “ಅಳಿಯ ಒಬ್ನೇ ಒಂಟೋದ್ನಂತಲ್ಲ ಸುವರ್ಣಕ್ಕ. ಆ ರಾಣಿ ಗಾಳಿ ನಿಮ್ಮನೇಗೂ ಬೀಸ್ತಾ?”

“ಆ ಬಿಕನಾಸಿ ರಾಣಿ ಸುದ್ದಿ ನಂಗ್ಯಾಕೆ,” ಎಂದ ಅತ್ತೆ ನನ್ನತ್ತ ತಿರುಗಲಿಲ್ಲ. “ಓದು ಕೋಮಲಾ, ಮುಂದುಕ್ಕೆ.”

ಪುಸ್ತಕ ತೆರೆದೆ. ರಾತ್ರಿ ಕೇಳಿದ್ದನ್ನು ಈ ಜಗಲಿಯಲ್ಲಿ ಯಾರಿಗೂ ಹೇಳಬಾರದು, ಶೃತಿಗೂ ಹೇಳಬಾರದು ಎಂದು ನಿರ್ಧರಿಸಿ ಓದತೊಡಗಿದೆ.